ಕೆಳಮನೆಯ ಕೇಸು

ನೋಟಿಸು ಬಂದ ದಿನ ಟೈಲರಮ್ಮ ಶಾಲೆಯ ನಲವತ್ತೆರಡು ಅಂಗಿಗಳಿಗೆ ಕಾಲರ್ ಕೂಡಿಸುತ್ತಾ ಕೂತಿದ್ದಳು. ಅಂಚೆಯವನು ರಿಜಿಸ್ಟರ್ಡ್ ಲಕೋಟೆ ಮುಂದೆ ಹಿಡಿದಾಗ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ ಸಹಿ ಹಾಕಿದಳು. ಒಡೆದು ಓದಿದಳು. ಅರ್ಥವಾಗಲಿಲ್ಲವೆಂದು ಇನ್ನೊಮ್ಮೆ ಓದಿದಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿ ಚಾವಣಿಯ ಕಡೆ ನೋಡಿದಳು.

ಚಾವಣಿಯ ಮೇಲಿದ್ದವರು ಮನೆಯ ಒಡತಿ, ನಿವೃತ್ತ ಗಣಿತದ ಟೀಚರು, ಬೀದಿಗೆಲ್ಲ ಟೀಚರಕ್ಕ. ಮದುವೆಯಾದವರಲ್ಲ. ದುಡಿದದ್ದನ್ನೆಲ್ಲ ಹಾಕಿ ಕಟ್ಟಿಸಿದ ಮನೆ ಅದು. ಮೇಲೆ ತಾವಿದ್ದು ಕೆಳಗಿನದನ್ನು ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಬೀದಿಗೆ ತೆರೆಯುವ ಒಂದು ದೊಡ್ಡ ಕೋಣೆ, ಅದರ ಹಿಂದೆ ಮಲಗುವುದಕ್ಕೊಂದು, ಅಡುಗೆಗೊಂದು. ಹತ್ತೊಂಬತ್ತು ವರ್ಷದ ಹಿಂದೆ, ಗಂಡ ಸತ್ತು ಮೂರು ತಿಂಗಳಾಗಿದ್ದ ಟೈಲರಮ್ಮ ಕಂಕುಳಲ್ಲಿ ಕೂಸು, ಕೈಗಾಡಿಯ ಮೇಲೊಂದು ಹೊಲಿಗೆ ಯಂತ್ರ ಇಟ್ಟುಕೊಂಡು ಆ ಬಾಗಿಲಿಗೆ ಬಂದಿದ್ದಳು. ಅದಕ್ಕೂ ಮೊದಲು ನಾಲ್ಕು ಮನೆಯವರು "ಯಂತ್ರದ ಸದ್ದು ಆಗಲ್ಲಮ್ಮ" ಎಂದು ಕಳಿಸಿದ್ದರು. ಟೀಚರಕ್ಕ ಕೇಳಿದ್ದು ಒಂದೇ ಮಾತು: "ಮಗು ರಾತ್ರಿ ಅಳುತ್ತಾ?"

"ಅಳುತ್ತೆ ಅಕ್ಕಾ."

"ಸರಿ ಬಿಡು. ನನಗೂ ನಿದ್ದೆ ಕಡಿಮೆ."

ಕರಾರುಪತ್ರವಿಲ್ಲ, ಸಾಕ್ಷಿಯಿಲ್ಲ, ಅಷ್ಟೇ ಆದದ್ದು. ಒಂದು ಯಂತ್ರ ನಾಲ್ಕಾಯಿತು. ಇಬ್ಬರು ಹೆಂಗಸರು ಕೆಲಸಕ್ಕೆ ಬಂದರು. ಕೂಸು ಬೆಳೆದು ಮೇಲಿನ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಾ, ಟೀಚರಕ್ಕನನ್ನು ಅಜ್ಜಿ ಎನ್ನುತ್ತಾ, ನೋಟಿಸು ಬರುವ ಹೊತ್ತಿಗೆ ನರ್ಸಿಂಗ್ ಎರಡನೆಯ ವರ್ಷದಲ್ಲಿತ್ತು.

ನೋಟಿಸಿನಲ್ಲಿ ಬರೆದಿದ್ದದ್ದು ಇಷ್ಟು: ಮನೆಯ ಒಡತಿಗೆ ಎರಡೂ ಮಂಡಿ ಕೆಟ್ಟಿವೆ, ಮೆಟ್ಟಿಲು ಹತ್ತಿಳಿಯಲಾಗುವುದಿಲ್ಲ, ಕೆಳಮನೆ ಸ್ವಂತ ವಾಸಕ್ಕೆ ಬೇಕಾಗಿದೆ, ಆದ್ದರಿಂದ ಬರುವ ಇಪ್ಪತ್ತನೆಯ ತಾರೀಖಿನೊಳಗೆ ಸದರಿ ಬಾಡಿಗೆದಾರಳು ಜಾಗ ತೆರವು ಮಾಡಿ ಖಾಲಿ ಸ್ವಾಧೀನ ಒಪ್ಪಿಸತಕ್ಕದ್ದು.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು 'ಸದರಿ ಬಾಡಿಗೆದಾರಳು' ಎಂಬ ಮಾತು. "ಹತ್ತೊಂಬತ್ತು ವರ್ಷ ಆದ್ಮೇಲೆ ನಾನು ಸದರಿ ಆಗಿಬಿಟ್ನಾ?" ಎಂದು ಕೆಲಸದ ಹೆಂಗಸರ ಮುಂದೆ ಕೂಗಾಡಿದಳು. "ಮೇಲಿಂದ ಒಂದು ಮಾತು ಕೂಗಿದ್ರೆ ಸಾಕಿತ್ತಲ್ಲ? ಅಂಚೆಯವನ ಕೈಲಿ ಹೇಳಿ ಕಳಿಸಬೇಕಾ?"

ಮಗಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು. "ಹೇಳೋಕೆ ಬಂದಿದ್ರಲ್ಲಮ್ಮಾ."

ಟೈಲರಮ್ಮ ಕಾಲರೊಂದನ್ನು ಕೈಗೆತ್ತಿಕೊಂಡಳು. ಮಾತು ನಿಜವಾಗಿತ್ತು. ನೋಟಿಸಿಗೆ ಮುಂಚಿನ ಎರಡು ತಿಂಗಳಲ್ಲಿ ಟೀಚರಕ್ಕ ಮೂರು ಸಲ ಇಳಿದು ಬಂದಿದ್ದರು. ಮೊದಲ ಸಲ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಬಂದು, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, "ನಿನ್ ಹತ್ರ ಒಂದು ಮಾತು ಆಡಬೇಕಿತ್ತು ಕಣೇ" ಎಂದಿದ್ದರು. "ಈ ಶಾಲೆ ಬಟ್ಟೆ ಒಂದು ಮುಗೀಲಿ ಅಕ್ಕಾ, ತಲೆ ಎತ್ತೋಕೂ ಪುರಸೊತ್ತಿಲ್ಲ" ಎಂದಿದ್ದಳು ಟೈಲರಮ್ಮ. ಎರಡನೆಯ ಸಲ ಬಂದಾಗ ಹೊಲಿಯುವುದಕ್ಕೇನೂ ಇಲ್ಲದಿದ್ದರೂ ಚಿಂದಿಯೊಂದನ್ನು ಸೂಜಿಯ ಕೆಳಗಿಟ್ಟು ಯಂತ್ರವನ್ನು ಜೋರಾಗಿ ಓಡಿಸಿದ್ದಳು. ಮೂರನೆಯ ಸಲ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿದ್ದೇ ತಡ, ಅಳತೆ ನೋಡುವ ಮೂಲೆಯ ಪರದೆಯ ಹಿಂದೆ ಸೇರಿಕೊಂಡು ಮಗಳಿಗೆ ಸನ್ನೆ ಮಾಡಿದ್ದಳು.

"ಅಮ್ಮ ಇಲ್ಲ ಅಜ್ಜಿ," ಎಂದಿತ್ತು ಹುಡುಗಿ, ನೆಲ ನೋಡುತ್ತಾ.

ಪರದೆಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿ. ಅಲ್ಲಿ ಟೈಲರಮ್ಮನ ಪಾದಗಳು. ಟೀಚರಕ್ಕ ಅವನ್ನು ಒಂದು ಗಳಿಗೆ ನೋಡಿ, "ಸರಿ ಮಗಾ. ಬಂದ್ಮೇಲೆ ನಾನು ಬಂದಿದ್ದೆ ಅಂತ ಹೇಳು" ಎಂದು ಹೊರಟುಹೋಗಿದ್ದರು. ಮೇಲೆ ಹತ್ತುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದು ಪರದೆಯ ಹಿಂದಿದ್ದವಳಿಗೆ ಚೆನ್ನಾಗಿ ಕೇಳಿಸಿತ್ತು.

ಹಾಗೇಕೆ ಮಾಡಿದಳೆಂದರೆ, ಟೀಚರಕ್ಕನ ಅಣ್ಣನ ಮಗ ಮನೆಯ ಸುತ್ತ ಅಳತೆ ಟೇಪು ಹಿಡಿದು ಓಡಾಡಿದ್ದನ್ನು ಪಕ್ಕದ ಅಂಗಡಿಯವನು ಅವಳ ಕಿವಿಗೆ ಹಾಕಿದ್ದ. ಬಿಡು ಎಂದು ಹೇಳುವುದಕ್ಕೇ ಬರುತ್ತಿದ್ದಾರೆಂದು ಅವಳಿಗೆ ಖಾತ್ರಿಯಾಗಿತ್ತು. ಟೀಚರಕ್ಕ ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನುವ ಶಕ್ತಿ ತನಗಿಲ್ಲವೆಂದೂ ಗೊತ್ತಿತ್ತು. ಅದಕ್ಕೇ ಕೇಳಿಸಿಕೊಳ್ಳಲೇ ಇಲ್ಲ.

ಈಗ ನೋಟಿಸು ಬಂದದ್ದು ಒಂದು ಲೆಕ್ಕದಲ್ಲಿ ಹಗುರವಾಯಿತು. ಟೀಚರಕ್ಕನ ಮುಖಕ್ಕೆ ಮುಖ ಕೊಟ್ಟು ಇಲ್ಲ ಎನ್ನಬೇಕಾಗಿರಲಿಲ್ಲ. ಕಾಗದಕ್ಕೆ ಇಲ್ಲ ಎಂದರೆ ಸಾಕಿತ್ತು. ಅವಳು ವಕೀಲರ ಹತ್ತಿರ ಹೋದಳು.

ವಕೀಲರ ಕೋಣೆ ಕೋರ್ಟಿನ ಹಿಂದಿನ ಓಣಿಯಲ್ಲಿ, ನಕಲು ತೆಗೆಯುವ ಅಂಗಡಿಯ ಪಕ್ಕದಲ್ಲಿತ್ತು. ಬಾಯಲ್ಲಿ ಯಾವಾಗಲೂ ಪೆಪ್ಪರಮೆಂಟು ಇಟ್ಟುಕೊಳ್ಳುವ ಮನುಷ್ಯ ಅವರು. ಅದನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿದರೆ ಏನೋ ಹೊಳೆಯಿತು ಎಂದರ್ಥ. ನೋಟಿಸು ಓದುತ್ತಾ ಎರಡು ಸಲ ದಾಟಿಸಿದರು.

"ಬಾಡಿಗೆ ತಿಂಗಳು ಯಾವತ್ತಿಂದ ಯಾವತ್ತಿಗೆ?"

"ಒಂದನೇ ತಾರೀಖಿಂದ ಒಂದನೇ ತಾರೀಖಿಗೆ ಸಾರ್."

"ನೋಡಿ ಮತ್ತೆ. ನೋಟಿಸಿನ ಗಡುವು ಬಾಡಿಗೆ ತಿಂಗಳ ಕೊನೆಗೆ ಮುಗೀಬೇಕು. ಇವರು ಇಪ್ಪತ್ತಕ್ಕೆ ಮುಗಿಸಿದ್ದಾರೆ. ಇನ್ನೊಂದು, ಸ್ವಂತಕ್ಕೆ ಬೇಕು ಅಂದ್ರೆ ಸಾಲದು, ನಿಜವಾಗ್ಲೂ ಬೇಕು ಅಂತ ರುಜುವಾತು ಮಾಡಬೇಕು." ಅವರು ಕಾಗದವನ್ನು ಮೇಜಿನ ಮೇಲೆ ಹಾಕಿ ನಕ್ಕರು. "ಆ ಅಮ್ಮನ ಮಂಡಿಗಿಂತ ಅವರ ನೋಟಿಸೇ ಜಾಸ್ತಿ ಕುಂಟುತ್ತಾ ಇದೆ."

ಟೈಲರಮ್ಮನಿಗೂ ನಗು ಬಂತು. ಎರಡು ವಾರದಿಂದ ಹೊತ್ತು ತಿರುಗುತ್ತಿದ್ದ ಭಯ ಆ ನಗುವಿನಲ್ಲಿ ಸಡಿಲವಾಯಿತು. ಮುಂದೆ ಎಷ್ಟೋ ವಿಷಯಗಳಿಗೆ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವತ್ತು ನಕ್ಕದ್ದಕ್ಕೆ ಮಾತ್ರ ಯಾವ ಸಮಾಧಾನವೂ ಒದಗಲಿಲ್ಲ.

ಗಡುವು ಮುಗಿದರೂ ಅವಳು ಕದಲಲಿಲ್ಲ. ಟೀಚರಕ್ಕನ ಕಡೆಯವರು ದಾವೆ ಹೂಡಿದರು. ಕೇಸು ಒಂದೂವರೆ ವರ್ಷ ನಡೆಯಿತು. ಅಷ್ಟು ಕಾಲ ಒಂದೇ ಚಾವಣಿಯ ಮೇಲೂ ಕೆಳಗೂ ಎರಡು ಮನೆಯವರು ಮಾತಿಲ್ಲದೆ ಬದುಕಿದರು. ಮಗಳು ಮಾತ್ರ ದಿನಾ ಸಂಜೆ ಮೇಲೆ ಹೋಗುತ್ತಿದ್ದಳು. ಅಜ್ಜಿಯ ಮಂಡಿಗೆ ಬಿಸಿನೀರಿನ ಚೀಲ ಇಟ್ಟು, ಔಷಧಿ ಡಬ್ಬಿ ತುಂಬಿಸಿ ಬರುತ್ತಿದ್ದಳು. ಕೇಸಿನ ಮಾತು ಅಲ್ಲಿ ಇಬ್ಬರೂ ಆಡುತ್ತಿರಲಿಲ್ಲ. "ಎದುರು ಪಾರ್ಟಿ ಮನೆಗೆ ಹೋಗ್ತೀಯಲ್ಲೇ, ನಾಚಿಕೆ ಆಗಲ್ವಾ?" ಎಂದು ಒಮ್ಮೆ ಟೈಲರಮ್ಮ ರೇಗಿದಳು. "ನನಗೆ ಅವರು ಪಾರ್ಟಿ ಅಲ್ಲ, ಪೇಷೆಂಟು" ಎಂದಳು ಮಗಳು. ಆಮೇಲೆ ಟೈಲರಮ್ಮ ಆ ಮಾತು ಎತ್ತಲಿಲ್ಲ.

ಟೀಚರಕ್ಕ ಸಾಕ್ಷಿ ಹೇಳುವ ದಿನ ಬಂತು. ಕೋರ್ಟ್ ಹಾಲ್ ಎರಡನೆಯ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂದು ಬರೆದ ರಟ್ಟು. ರಟ್ಟಿನ ಮೇಲೆ ಎಷ್ಟೋ ಕಾಲದ ಧೂಳು. ಟೈಲರಮ್ಮ ಮೇಲಿನ ಮೊಗಸಾಲೆಯಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದಳು. ಅಣ್ಣನ ಮಗ ಒಂದು ತೋಳು ಹಿಡಿದಿದ್ದ. ಅವನ ಇನ್ನೊಂದು ಕೈಯಲ್ಲಿ ಫೋನಿತ್ತು. ಟೀಚರಕ್ಕ ಮೆಟ್ಟಿಲಿಗೊಮ್ಮೆ ನಿಂತು, ಗೋಡೆಗೆ ಅಂಗೈ ಊರಿ, ಉಸಿರು ಬಿಟ್ಟು ಮುಂದಿನದಕ್ಕೆ ಕಾಲೆತ್ತುತ್ತಿದ್ದರು. ಫೈಲು ಹೊತ್ತ ಗುಮಾಸ್ತರು ಅವರನ್ನು ಬಳಸಿಕೊಂಡು ಹತ್ತಿಳಿಯುತ್ತಿದ್ದರು. ತಿರುವಿನಲ್ಲಿ ಟೀಚರಕ್ಕ ತಲೆಯೆತ್ತಿದಾಗ ಇಬ್ಬರ ಕಣ್ಣೂ ಕೂಡಿದವು. ಟೈಲರಮ್ಮ ಮೂರು ಮೆಟ್ಟಿಲು ಇಳಿದಳು. ಅಷ್ಟರಲ್ಲಿ ಹಿಂದಿನಿಂದ ವಕೀಲರು, "ಅಮ್ಮಾ, ಎಲ್ಲಿಗೆ? ಕರೀತಾರೆ ಈಗ" ಎಂದರು. ಅವಳು ವಾಪಸು ಹತ್ತಿಬಿಟ್ಟಳು. ಇನ್ನೂ ಮುಕ್ಕಾಲು ಗಂಟೆ ಯಾರೂ ಕರೆಯಲಿಲ್ಲ.

ಕಟಕಟೆಯಲ್ಲಿ ಟೀಚರಕ್ಕನಿಗೆ ಕೂರಲು ಕುರ್ಚಿ ಕೊಟ್ಟರು. ಪೆಪ್ಪರಮೆಂಟು ವಕೀಲರು ಎದ್ದು ನಿಂತು, ಬಹಳ ಮರ್ಯಾದೆಯಿಂದ ಕೇಳಿದರು. "ಟೀಚರ್, ಮನೆ ಬೇಕು ಅಂತ ನನ್ನ ಕಕ್ಷಿದಾರಳ ಹತ್ರ ನೀವು ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದ್ರಾ?"

"ಕೇಳೋದಕ್ಕೆ ಮೂರು ಸಲ ಹೋಗಿದ್ದೆ."

"ಹೋಗಿದ್ರಿ ಸರಿ. ಕೇಳಿದ್ರೋ ಇಲ್ವೋ?"

ಟೀಚರಕ್ಕ ಟೈಲರಮ್ಮ ಕೂತಿದ್ದ ಕಡೆ ನೋಡಿದರು. ಪರದೆಯಡಿಯ ಪಾದಗಳ ವಿಷಯ ಈಗ ಹೊರಗೆ ಬೀಳುತ್ತದೆ ಎಂದುಕೊಂಡಳು ಅವಳು. "ಇಲ್ಲ," ಎಂದರು ಅವರು. "ಕೇಳೋಕೆ ಆಗಲಿಲ್ಲ."

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಏನು ಕೇಳಬೇಕು ಅಂತ ಹೋಗಿದ್ರಿ ತಾಯಿ?" ಎಂದರು.

"ಹಿಂದಿನ ಎರಡು ಕೋಣೆ ಕೇಳೋಣ ಅಂತ ಸ್ವಾಮಿ. ಅವಳು, ಮಗು ನನ್ನ ಮೇಲಿನ ಮನೆಗೆ ಹೋಗಲಿ, ಅದು ದೊಡ್ಡದಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ನಾನು ಹಿಂದುಗಡೆ ಕೋಣೇಲಿ ಇದ್ದುಬಿಡ್ತೀನಿ. ಮುಂದಿನ ಅಂಗಡಿ ಅವಳಿಗೇ ಇರಲಿ. ಮೆಷಿನ್ ಸದ್ದು ನನಗೆ ಅಭ್ಯಾಸ. ಇಷ್ಟೇ."

"ಮತ್ತೆ ನೋಟಿಸಲ್ಲಿ ಪೂರ್ತಿ ಕೆಳಮನೆ ಅಂತ ಇದೆಯಲ್ಲ?"

"ನಮ್ಮ ಅಣ್ಣನ ಮಗ ಬರೆಸಿದ್ದು. ಅರ್ಧ ಕೇಳಿದ್ರೆ ಕಾನೂನು ಒಪ್ಪಲ್ಲ, ಪೂರ್ತಿ ಕೇಳಬೇಕು ಅಂದ. ನನಗೆ ಸಹಿ ಮಾತ್ರ ಹಾಕೋಕೆ ಹೇಳಿದ್ದು."

ಟೈಲರಮ್ಮನ ಕೈ ತಾನಾಗಿಯೇ ಮುಂದೆ ಹೋಗಿ ವಕೀಲರ ಕರಿ ಗೌನಿನ ಅಂಚನ್ನು ಹಿಡಿಯಿತು. ಹೊಲಿಗೆ ಬಿಟ್ಟಿದ್ದ ಅಂಚು ಅದು. ಒಮ್ಮೆ ಎಳೆದಿದ್ದರೆ ಸಾಕಿತ್ತು, ಅವರು ಬಗ್ಗುತ್ತಿದ್ದರು, "ಸಾರ್, ನನಗೆ ಅದು ಒಪ್ಪಿಗೆ, ಇಲ್ಲಿಗೆ ನಿಲ್ಲಿಸಿಬಿಡೋಣ" ಎನ್ನಬಹುದಿತ್ತು. ಅಷ್ಟು ಜನರ ಎದುರು ಏಳುವುದಕ್ಕೆ ಸಂಕೋಚವಾಯಿತೋ, ಒಂದೂವರೆ ವರ್ಷ ಬೀದಿಯವರ ಹತ್ತಿರವೆಲ್ಲ ಆಡಿಕೊಂಡು ಬಂದ ಮಾತು ನೆನಪಾಯಿತೋ, ಆ ಮುದುಕಿ ಕೋರ್ಟಿನಲ್ಲಿ ಕೂತು ಒಳ್ಳೆಯವಳಾಗಿಬಿಟ್ಟಳಲ್ಲ ಎಂದು ಸಿಟ್ಟೇ ಬಂತೋ, ಅವಳು ಗೌನನ್ನು ಹಿಡಿದುಕೊಂಡೇ ಕೂತಳು. ಎಳೆಯಲಿಲ್ಲ.

ವಕೀಲರು ಪೆಪ್ಪರಮೆಂಟನ್ನು ಬಲಗೆನ್ನೆಗೆ ದಾಟಿಸಿದರು.

"ಟೀಚರ್, ಈ ಕೋರ್ಟ್ ಹಾಲ್ ಎಷ್ಟನೇ ಮಹಡಿ?"

"ಎರಡನೇದು."

"ಲಿಫ್ಟ್ ಕೆಟ್ಟಿದೆ. ನಿಮ್ಮನ್ನ ಯಾರಾದ್ರೂ ಹೊತ್ಕೊಂಡು ಬಂದ್ರಾ?"

"ಇಲ್ಲ."

"ಅಂದ್ರೆ ನಿಮ್ಮ ಕಾಲ ಮೇಲೆ ನೀವೇ ಹತ್ತಿ ಬಂದ್ರಿ."

"ಹೌದು."

"ನಿಮ್ಮ ಮನೆ ಒಂದೇ ಮಹಡಿ. ಇದಕ್ಕಿಂತ ಕಡಿಮೆ ಮೆಟ್ಟಿಲು. ಸರಿನಾ?"

ಗಣಿತ ಕಲಿಸಿದ ಹೆಂಗಸು. ಕಡಿಮೆಯೋ ಹೆಚ್ಚೋ ಎಂದು ಕೇಳಿದರೆ ಸುಳ್ಳು ಹೇಳಲು ಅವರಿಗೆ ಬರಲಿಲ್ಲ. "ಸರಿ," ಎಂದರು.

"ಅಷ್ಟೇ ಸ್ವಾಮಿ," ಎಂದು ವಕೀಲರು ಕೂತುಬಿಟ್ಟರು.

ಆರು ವಾರದ ಮೇಲೆ ತೀರ್ಪು ಬಂತು. ನೋಟಿಸಿನ ಗಡುವು ಕಾನೂನಿಗೆ ಅನುಗುಣವಾಗಿಲ್ಲ; ಸ್ವಂತಕ್ಕೆ ಬೇಕೆನ್ನುವ ಅಗತ್ಯ ಸಾಬೀತಾಗಿಲ್ಲ; ಇಬ್ಬರೂ ಪರಸ್ಪರ ಮಾತಾಡಿ ಬಗೆಹರಿಸಿಕೊಳ್ಳಬಹುದಾಗಿದ್ದ ವಿಷಯವಿದು ಎಂದು ನ್ಯಾಯಾಲಯ ವಿಷಾದಿಸುತ್ತದೆ; ದಾವೆ ವಜಾ. ವಿಷಾದದ ವಾಕ್ಯವನ್ನು ವಕೀಲರು ಓದಿ ಹೇಳಲಿಲ್ಲ. ಮಗಳು ನಕಲು ಓದುವಾಗ ಅದನ್ನು ಮಾತ್ರ ಗಟ್ಟಿಯಾಗಿ ಓದಿದಳು.

ಬೀದಿಯವರು ಬಂದು ಕೈಕುಲುಕಿದರು. "ಬಿಡಲಿಲ್ಲ ನೋಡು ನಮ್ಮ ಟೈಲರಮ್ಮ!" ಎಂದರು. ಅವಳು ಎಲ್ಲರಿಗೂ ಟೀ ತರಿಸಿದಳು. ತಾನು ಕುಡಿಯಲಿಲ್ಲ. ಇವತ್ತು ಮೇಲೆ ಹೋಗಿ ಮಾತಾಡಿಬಿಡಬೇಕು, ಗೆದ್ದ ಮೇಲೆ ಬಿಟ್ಟುಕೊಟ್ಟರೆ ಅದಕ್ಕೊಂದು ಬೆಲೆ, ಎಂದುಕೊಂಡಳು. ನಾಳೆ ಹೋದರಾಯಿತು ಎಂದುಕೊಂಡಳು. ಶಾಲೆಯ ಬಟ್ಟೆ ಒಂದು ಮುಗಿಯಲಿ ಎಂದುಕೊಂಡಳು.

ಹತ್ತನೆಯ ದಿನ ಬೆಳಿಗ್ಗೆ ಅಣ್ಣನ ಮಗ ಕಳಿಸಿದ ವ್ಯಾನು ಬಂದು ನಿಂತಿತು. ಇಬ್ಬರು ಆಳುಗಳು ಟೀಚರಕ್ಕನನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿನಿಂದ ಎತ್ತಿ ತಂದರು. ಅವರ ಮಡಿಲಲ್ಲಿ ಒಂದು ಕೈಚೀಲ, ಒಂದು ಗಡಿಯಾರ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಟೈಲರಮ್ಮ ಯಂತ್ರದ ಮುಂದೆ ಕೂತವಳು ಎದ್ದು ನಿಂತಳು. ಹೊಸ್ತಿಲವರೆಗೆ ಹೋದಳು. ಕುರ್ಚಿ ಅವಳ ಮುಂದೆಯೇ ಸಾಗಿತು. "ಹುಷಾರಾಗಿ ಓದಿಕೋ ಮಗಾ," ಎಂದು ಟೀಚರಕ್ಕ ಅವಳ ಹಿಂದೆ ನಿಂತಿದ್ದ ಮಗಳಿಗೆ ಹೇಳಿದರು. ವ್ಯಾನು ಹೊರಟಿತು. ಒಬ್ಬ ಗಿರಾಕಿ, "ನಂದು ಗುಂಡಿ ಆಯ್ತಾ?" ಎಂದು ಕೇಳಿದ.

ಮೇಲಿನ ಮನೆಗೆ ಬೀಗ ಬಿತ್ತು. ಮೊದಲ ವಾರ ಅವಳಿಗೆ ಹಾಯೆನಿಸಬೇಕಿತ್ತು; ಅನಿಸಲಿಲ್ಲ. ಇಷ್ಟು ವರ್ಷ ಅವಳು ಗಮನಿಸದೇ ಕೇಳಿಸಿಕೊಂಡಿದ್ದ ಸದ್ದುಗಳೆಲ್ಲ ನಿಂತುಹೋಗಿದ್ದವು. ಕುರ್ಚಿ ಎಳೆಯುವುದು, ನಲ್ಲಿ ಬಿಡುವುದು, ಮಧ್ಯಾಹ್ನ ಎರಡಕ್ಕೆ ರೇಡಿಯೊ ಕೆಮ್ಮುವುದು, ಯಾವುದೂ ಇಲ್ಲ. ಕೆಲಸದ ಹೆಂಗಸರಲ್ಲೊಬ್ಬಳು ಒಮ್ಮೆ, "ಮೇಲೆ ಯಾರೂ ಇಲ್ದೆ ಇಲ್ಲಿ ಬಿಕೋ ಅನ್ಸುತ್ತೆ ಅಲ್ವಾ?" ಎಂದಾಗ, "ಕೆಲಸ ನೋಡು" ಎಂದು ಗದರಿದಳು.

ಐದು ತಿಂಗಳು ಹಾಗೆಯೇ ಕಳೆದವು. ಕೊನೆಗೆ ಅವಳು ಎರಡು ಬೀದಿಯಾಚೆ ಒಂದು ಅಂಗಡಿ, ಅದರ ಹಿತ್ತಲಲ್ಲಿ ಒಂದು ಸಣ್ಣ ಮನೆ ಹುಡುಕಿದಳು. ಯಂತ್ರಗಳನ್ನು ಸಾಗಿಸಿದಳು. ಕೆಳಮನೆಗೆ ಸುಣ್ಣ ಹೊಡೆಸಿ, ಹಿಂದಿನ ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿದಳು. "ಈಗ ಕರ್ಕೊಂಡು ಬರ್ತೀನಿ," ಎಂದಳು ಮಗಳಿಗೆ. "ನೀನೂ ಬಾ." ಮಗಳು ಬಂದಳು.

ಅಣ್ಣನ ಮಗನ ಫ್ಲ್ಯಾಟು ಊರಿನ ಇನ್ನೊಂದು ತುದಿಯಲ್ಲಿ, ಏಳನೆಯ ಮಹಡಿಯಲ್ಲಿತ್ತು. ಲಿಫ್ಟು ಸದ್ದಿಲ್ಲದೆ ಮೇಲೇರಿತು. ಬಾಗಿಲು ತೆರೆದವನು ಅವನೇ. ಟೈಲರಮ್ಮ ಕೀಲಿಗಳನ್ನು ಎತ್ತಿ ತೋರಿಸಿ, "ಬಿಟ್ಟುಬಿಟ್ಟೆ ಅಣ್ಣಾ. ಖಾಲಿ ಮಾಡಿದೀನಿ" ಎಂದಳು. ಅವನ ಮುಖ ಅರಳಿತು. "ಅಯ್ಯೋ, ಒಳಗೆ ಬನ್ನಿ, ಬನ್ನಿ!" ಎಂದ. ಕೀಲಿಗಳನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿದ. ಅವಳು ಅವನ್ನು ಟೀಚರಕ್ಕನ ಕೈಗೆ ಕೊಡಬೇಕೆಂದಿದ್ದಳು. ಹೇಳುವಷ್ಟರಲ್ಲಿ ಅವನು ಫೋನು ಹಿಡಿದು ಬಾಲ್ಕನಿಗೆ ಹೋಗಿಯಾಗಿತ್ತು.

ಟೀಚರಕ್ಕ ಕಿಟಕಿಯ ಪಕ್ಕ ಕೂತಿದ್ದರು. ಇಳಿದುಹೋಗಿದ್ದರು. ಮಗಳನ್ನು ಹತ್ತಿರ ಕರೆದು ಕೆನ್ನೆ ಸವರಿದರು. ಟೈಲರಮ್ಮನಿಗೆ, "ಕೂತ್ಕೊಳ್ಳೇ, ಯಾಕೆ ನಿಂತಿದೀಯ?" ಎಂದರು, ನಿನ್ನೆಯಷ್ಟೇ ಮಾತಾಡಿದವರಂತೆ.

"ಅಕ್ಕಾ, ಕೆಳಮನೆ ಖಾಲಿ ಮಾಡಿದೆ. ಪೂರ್ತಿ. ಸುಣ್ಣ ಹೊಡೆಸಿದೀನಿ. ನೀವು ಬಂದುಬಿಡಿ. ಇವಳು ದಿನಾ ಬಂದು ನೋಡ್ಕೋತಾಳೆ. ನಾನೂ ಎರಡೇ ಬೀದಿ ಆಚೆ ಇರೋದು."

ಟೀಚರಕ್ಕನ ಮುಖದಲ್ಲಿ ಸಂತೋಷ ಬರಲಿಲ್ಲ. ಅವರು ಬಾಲ್ಕನಿಯ ಕಡೆ ನೋಡಿದರು. ಗಾಜಿನಾಚೆ ಅಣ್ಣನ ಮಗ ಬೆನ್ನು ತಿರುಗಿಸಿ ನಿಂತು ಯಾರಿಗೋ ಏನೋ ಉತ್ಸಾಹದಿಂದ ಹೇಳುತ್ತಿದ್ದ.

"ಯಾಕೆ ಬಿಟ್ಟೆ?" ಎಂದರು ಮೆಲ್ಲಗೆ. "ಮೇಲಿನದು ಖಾಲಿ ಆದ ದಿನದಿಂದ ಮಾರಿಬಿಡೋಣ ಅಂತಿದ್ದಾನೆ. ಕೆಳಗೆ ಅವಳಿದ್ದಾಳೆ, ಕೋರ್ಟು ಅವಳ ಕಡೆ ಇದೆ, ಯಾರು ತಗೋತಾರೋ ಅಂತ ನಾನು ತಳ್ಳಿಕೊಂಡು ಬಂದೆ. ನೀನಿದ್ದೀಯ ಅಂತಾನೇ ಮನೆ ಉಳಿದಿತ್ತು ಕಣೇ."

ಟೈಲರಮ್ಮ ಕುರ್ಚಿಯ ಹತ್ತಿರ ಬಗ್ಗಿದಳು. "ಮನೆ ನಿಮ್ಮದಲ್ವಾ ಅಕ್ಕಾ? ಬೇಡ ಅನ್ನಿ. ಮಾರಲ್ಲ ಅನ್ನಿ."

"ಅನ್ನಬಹುದು. ಆದ್ರೆ ಅವನ ಮನೇಲಿ ಕೂತು ಅವನಿಗೆ ಇಲ್ಲ ಅನ್ನೋದು ಹೇಗೆ?" ಎಂದು ಸಣ್ಣಗೆ ನಕ್ಕರು. "ನಿನಗೂ ಅದೇ ಕಷ್ಟ ಆಗಿತ್ತಲ್ವಾ, ಅವತ್ತು? ಪರದೆ ಹಿಂದೆ?"

ಟೈಲರಮ್ಮನಿಗೆ ಬಾಯಿ ತೆರೆದರೆ ಅಳು ಬರುತ್ತಿತ್ತು. ಅಳುವ ಹಕ್ಕು ತನಗೆಲ್ಲಿದೆ ಎನಿಸಿತು. ತಲೆ ತಗ್ಗಿಸಿದಳು. ಆಗ ಕಣ್ಣಿಗೆ ಬಿದ್ದದ್ದು ಟೀಚರಕ್ಕನ ನಿಲುವಂಗಿಯ ಅಂಚು. ನಾಲ್ಕು ವರ್ಷದ ಹಿಂದೆ ತಾನೇ ಅಳತೆ ತೆಗೆದು ಹೊಲಿದದ್ದು. ಆಗ ಕಾಲಿನ ಹರಡಿಗೆ ಸರಿಯಾಗಿತ್ತು. ಈಗ ಬೆನ್ನು ಬಾಗಿ, ಮೈ ಕುಗ್ಗಿ, ಬಟ್ಟೆ ನೆಲಕ್ಕೆ ಬಿದ್ದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು.

"ಇದು ಕಾಲಿಗೆ ಸಿಕ್ಕುತ್ತೆ ಅಕ್ಕಾ. ಬೀಳ್ತೀರಿ," ಎಂದಳು.

"ಎರಡು ಸಲ ಬಿದ್ದಾಯ್ತು," ಎಂದರು ಅವರು.

ಮಗಳು ಒಳಗಿನಿಂದ ಸೂಜಿದಾರ ಕೇಳಿ ತಂದಳು. ಟೈಲರಮ್ಮ ನೆಲದ ಮೇಲೆ ಕೂತು ಅಂಚನ್ನು ಎರಡು ಬೆರಳು ಮಡಿಸಿ ಕೈಹೊಲಿಗೆ ಹಾಕತೊಡಗಿದಳು. ಬಾಲ್ಕನಿಯಿಂದ ಬಂದವನು, "ಭಾನುವಾರವೇ ಬಂದು ಮನೆ ನೋಡ್ತಾರಂತೆ" ಎಂದ. ಯಾರೂ ತಲೆಯೆತ್ತಲಿಲ್ಲ.

ಎರಡು ತಿಂಗಳಲ್ಲಿ ಮನೆ ಕೈಬದಲಾಯಿತು. ಕೊಂಡವನು ಅದನ್ನು ಕೆಡವಿ ನಾಲ್ಕಂತಸ್ತು ಎಬ್ಬಿಸಿದ. ಟೈಲರಮ್ಮ ಆ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟು, ಸುತ್ತು ಹಾಕಿಕೊಂಡು ಮಾರುಕಟ್ಟೆಗೆ ಹೋಗುತ್ತಾಳೆ. ತಿಂಗಳಿಗೊಮ್ಮೆ ಏಳನೆಯ ಮಹಡಿಗೆ ಹೋಗಿ, ಟೀಚರಕ್ಕನ ಬಟ್ಟೆಗಳನ್ನು ಒಂದೊಂದಾಗಿ ಚಿಕ್ಕದು ಮಾಡಿಕೊಟ್ಟು ಬರುತ್ತಾಳೆ. ಒಂದು ಸಲ "ತಪ್ಪಾಯ್ತು ಅಕ್ಕಾ" ಎಂದು ಶುರುಮಾಡಿದ್ದಳು. ಟೀಚರಕ್ಕ ಅಡ್ಡಬಾಯಿ ಹಾಕಿ, ತೋಳಿನ ಹತ್ತಿರ ಬಿಗಿಯಾಗಿದೆ, ಅಲ್ಲಿ ಸ್ವಲ್ಪ ಬಿಡು ಎಂದರು. ಅವಳು ಬಿಟ್ಟಳು.